ಬಿ.ಕಾಂ ಮುಗೀತು, ಅನುಭವದ ಜಾಗ ಖಾಲಿ. ರೆಸ್ಯೂಮ್‌ನಲ್ಲಿ ಏನು ಬರೆಯೋದು?

ಶರಾವತಿ_ಹಿನ್ನೀರು

ಎಲ್ಲರಿಗೂ ನಮಸ್ಕಾರ. ನನ್ನದು ಈ ವರ್ಷ ಬಿ.ಕಾಂ ಮುಗಿಯಿತು. ಊರು ಸಾಗರದ ಹತ್ತಿರ. ಓದಿದ್ದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ, ಕುವೆಂಪು ವಿಶ್ವವಿದ್ಯಾಲಯ. 2022ರಲ್ಲಿ ಸೇರಿದವಳು, ಅಂದರೆ ಹೊಸ ಶಿಕ್ಷಣ ನೀತಿಯ (ಎನ್‌ಇಪಿ) ಬ್ಯಾಚ್. ನಾಲ್ಕನೇ ವರ್ಷಕ್ಕೆ ಹೋಗಲಿಲ್ಲ, ಮೂರಕ್ಕೇ ಮುಗಿಸಿದೆ. ಬೆಂಗಳೂರು ಇಲ್ಲವೇ ಶಿವಮೊಗ್ಗದಲ್ಲಿ ಅಕೌಂಟ್ಸ್ ಕೆಲಸ ಹುಡುಕುತ್ತಿದ್ದೇನೆ. ನೌಕ್ರಿ ವೆಬ್‌ಸೈಟ್‌ನಲ್ಲಿ ಹಾಕಿದ್ದಕ್ಕೆ ಯಾರೂ ತಿರುಗಿ ನೋಡಿಲ್ಲ.

ಈಗಿರುವ ರೆಸ್ಯೂಮ್ ಸೈಬರ್ ಸೆಂಟರ್‌ನವರು ಮಾಡಿಕೊಟ್ಟಿದ್ದು. ಮೇಲೆ ಹೆಸರು, ಫೋಟೋ. ಕೆಳಗೆ ‘ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ನೆರವಾಗುವುದು’ ಅನ್ನುವ ಅರ್ಥದ ಒಂದು ಗುರಿ, ಇಂಗ್ಲಿಷ್‌ನಲ್ಲಿ. ಆಮೇಲೆ ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಅಂಕಗಳ ಟೇಬಲ್. ಆಮೇಲೆ ಹಾರ್ಡ್ ವರ್ಕಿಂಗ್, ಪಂಕ್ಚುಯಲ್, ಕ್ವಿಕ್ ಲರ್ನರ್. ಹವ್ಯಾಸ ಅಂತ ಹಾಡು ಕೇಳುವುದು, ಪ್ರವಾಸ. ಎರಡನೇ ಪುಟದಲ್ಲಿ ತಂದೆ ಹೆಸರು, ಜಾತಿ, ಧರ್ಮ, ರಕ್ತದ ಗುಂಪು, ಆಧಾರ್ ನಂಬರ್. ಕೊನೆಗೆ ‘ಮೇಲೆ ಹೇಳಿದ್ದೆಲ್ಲ ಸತ್ಯ’ ಅಂತ ಘೋಷಣೆ, ಸಹಿ.

ಅನುಭವದ ಜಾಗದಲ್ಲಿ ಏನೂ ಇಲ್ಲ. ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕೋರ್ಸ್ ಆಗಿದೆ. ರಜೆಯಲ್ಲಿ ಊರಿನ ಟ್ಯಾಕ್ಸ್ ಪ್ರಾಕ್ಟೀಷನರ್ ಒಬ್ಬರ ಆಫೀಸಿಗೆ ಹೋಗುತ್ತಿದ್ದೆ. ಆದರೆ ಅದು ಕೆಲಸ ಅಲ್ಲ, ಸುಮ್ನೆ ಹೋಗಿದ್ದು. ಏನು ಮಾಡಲಿ ಹೇಳಿ.

ಪೀಣ್ಯ_ಸೆಕೆಂಡ್_ಸ್ಟೇಜ್

ಬೇರೆಲ್ಲ ಆಮೇಲೆ. ಮೊದಲು ಆ ಆಧಾರ್ ನಂಬರ್ ತೆಗೆಯಿರಿ. ರೆಸ್ಯೂಮ್ ಎಷ್ಟು ಜನರ ಕೈಗೆ ಹೋಗುತ್ತದೋ ನಿಮಗೆ ಗೊತ್ತೇ ಇರುವುದಿಲ್ಲ. ಕನ್ಸಲ್ಟೆನ್ಸಿಯವರು ವಾಟ್ಸಾಪ್ ಗ್ರೂಪ್‌ಗಳಲ್ಲಿ ಫಾರ್ವರ್ಡ್ ಮಾಡುತ್ತಾರೆ. ಆಧಾರ್, ಪ್ಯಾನ್, ಬ್ಯಾಂಕ್ ವಿವರ ಎಲ್ಲ ಆಫರ್ ಲೆಟರ್ ಬಂದಮೇಲೆ ಕೇಳುತ್ತಾರೆ, ಆಗ ಕೊಟ್ಟರೆ ಸಾಕು.

ಎರಡನೇ ಪುಟ ಪೂರ್ತಿ ಮದುವೆ ಬಯೋಡೇಟಾ ಥರ ಇದೆ. ರಾಶಿ, ನಕ್ಷತ್ರ ಒಂದು ಬಾಕಿ 😄 ಇಡೀ ಪುಟ ಕಿತ್ತು ಹಾಕಿ.

ಖಾತೆ_ಕಿರ್ದಿ

ನಾನು ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಜೂನಿಯರ್‌ಗಳನ್ನು ತೆಗೆದುಕೊಳ್ಳುವಾಗ ರೆಸ್ಯೂಮ್ ಮೊದಲು ನನ್ನ ಟೇಬಲ್‌ಗೇ ಬರುತ್ತದೆ. ಹಾರ್ಡ್ ವರ್ಕಿಂಗ್ ಅಂತ ಬರೆಯದವರು ಇಲ್ಲವೇ ಇಲ್ಲ. ಹಾಗಾಗಿ ಆ ಸಾಲನ್ನು ನಾನು ಓದುವುದೇ ಇಲ್ಲ.

ಆದರೆ ತಂಗಿ, ನೀನು ಕೊನೆಯಲ್ಲಿ ‘ಸುಮ್ನೆ ಹೋಗಿದ್ದು’ ಅಂದೆಯಲ್ಲ, ನನ್ನ ಕಣ್ಣು ಅಲ್ಲೇ ನಿಂತಿದೆ. ಆ ಟ್ಯಾಕ್ಸ್ ಆಫೀಸಿನಲ್ಲಿ ಬೆಳಗ್ಗೆ ಹೋಗಿ ಕೂತಮೇಲೆ ಸಂಜೆವರೆಗೂ ಏನು ಮಾಡುತ್ತಿದ್ದೆ? ದೊಡ್ಡದಾಗಿ ಹೇಳಬೇಡ, ಇದ್ದದ್ದು ಇದ್ದ ಹಾಗೆ ಹೇಳು.

ಶರಾವತಿ_ಹಿನ್ನೀರು

ಸರ್, ಅಂಗಡಿಯವರು ಬಿಲ್‌ಗಳನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ತುಂಬಿಕೊಂಡು ತರುತ್ತಿದ್ದರು. ಹಾರ್ಡ್‌ವೇರ್ ಅಂಗಡಿ, ಔಷಧಿ ಅಂಗಡಿ, ಅಡಿಕೆ ವ್ಯಾಪಾರಿಗಳು. ನಾನು ತಾರೀಕಿನ ಪ್ರಕಾರ ಜೋಡಿಸಿ ಟ್ಯಾಲಿಯಲ್ಲಿ ಪರ್ಚೇಸ್ ಎಂಟ್ರಿ ಹಾಕುತ್ತಿದ್ದೆ. ಆಮೇಲೆ ಜಿಎಸ್‌ಟಿ ಪೋರ್ಟಲ್‌ನಿಂದ 2ಬಿ (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ) ಡೌನ್‌ಲೋಡ್ ಮಾಡಿ, ಎಕ್ಸೆಲ್‌ನಲ್ಲಿ ನಮ್ಮ ಲಿಸ್ಟ್ ಜೊತೆ ತಾಳೆ ನೋಡುವುದು. ಯಾವ ಬಿಲ್ ಪೋರ್ಟಲ್‌ನಲ್ಲಿ ಬಂದಿಲ್ಲವೋ ಅದಕ್ಕೆ ಬಣ್ಣ ಹಚ್ಚಿ ಸರ್‌ಗೆ ತೋರಿಸುತ್ತಿದ್ದೆ. ಅಂಗಡಿಯವರಿಗೆ ಫೋನ್ ಮಾಡಿ ‘ನಿಮ್ಮ ಸಪ್ಲೈಯರ್ ರಿಟರ್ನ್ ಹಾಕಿಲ್ಲ’ ಅಂತ ಹೇಳುವುದೂ ನಂದೇ ಕೆಲಸ. ರಿಟರ್ನ್ ಫೈಲ್ ಮಾಡುತ್ತಿದ್ದದ್ದು ಮಾತ್ರ ಸರ್. ಸಂಬಳ ಇರಲಿಲ್ಲ. ಬಸ್ ಚಾರ್ಜ್ ಕೊಡುತ್ತಿದ್ದರು, ದಸರಾಕ್ಕೆ ಒಂದು ಸೀರೆ.

ಖಾತೆ_ಕಿರ್ದಿ

ಇದನ್ನು ಬಿಟ್ಟು ಹಾಡು ಕೇಳುವುದನ್ನು ಬರೆದಿದ್ದೀಯಲ್ಲಮ್ಮ!

ನೀನು ಮಾಡಿದ್ದು ಜಿಎಸ್‌ಟಿಆರ್-2ಬಿ ರಿಕನ್ಸಿಲಿಯೇಷನ್, ಅಂದರೆ ತಾಳೆ ನೋಡುವುದು. 2022ರ ಜನವರಿಯಿಂದ 2ಬಿಯಲ್ಲಿ ಕಾಣದ ಬಿಲ್‌ಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ತೆಗೆದುಕೊಳ್ಳುವ ಹಾಗಿಲ್ಲ. ಸಪ್ಲೈಯರ್ ತನ್ನ ರಿಟರ್ನ್‌ನಲ್ಲಿ ತೋರಿಸಲಿಲ್ಲ ಅಂದರೆ ಕೊಂಡವನ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಇವತ್ತು ಯಾವ ಅಕೌಂಟ್ಸ್ ಸೆಕ್ಷನ್‌ಗೆ ಹೋದರೂ ತಿಂಗಳ ಮಧ್ಯದಲ್ಲಿ ನಡೆಯುವ ದೊಡ್ಡ ಕೆಲಸ ಇದೇ. ಹೊಸಬರಿಗೆ ಇದನ್ನು ಕಲಿಸಲು ನಮಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನೀನು ಕಲಿತೇ ಬರುತ್ತಿದ್ದೀಯ.

ಬರೆಯುವಾಗ ‘ಜಿಎಸ್‌ಟಿ ಜ್ಞಾನ ಇದೆ’ ಅನ್ನಬೇಡ. ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಎಷ್ಟು ಅಂಗಡಿಗಳ ಬಿಲ್, ತಿಂಗಳಿಗೆ ಸುಮಾರು ಎಷ್ಟು ಎಂಟ್ರಿ, ಯಾವ ಸಾಫ್ಟ್‌ವೇರ್, ತಾಳೆ ಆಗದಿದ್ದರೆ ಏನು ಮಾಡಿದೆ, ಇಷ್ಟು ಬರೆ. ಫೈಲ್ ಮಾಡಿದ್ದು ನೀನಲ್ಲ ಅಂದಮೇಲೆ ‘ರಿಟರ್ನ್ ಫೈಲ್ ಮಾಡಿದೆ’ ಅಂತ ಬರೆಯಬೇಡ. ‘ಫೈಲಿಂಗ್‌ಗೆ ಡೇಟಾ ಸಿದ್ಧಮಾಡಿದೆ’ ಅನ್ನು. ವ್ಯತ್ಯಾಸ ಸಣ್ಣದು ಅನಿಸಬಹುದು. ಇಂಟರ್‌ವ್ಯೂನಲ್ಲಿ ನಾನು ಹಿಡಿಯುವುದೇ ಅಲ್ಲಿ.

ಜಯನಗರ_ಎಚ್ಆರ್

ಮೇಲಿನವರು ಹೇಳಿದ್ದು ಸರಿ. ನಾನು ಫಾರ್ಮ್ಯಾಟ್ ಬಗ್ಗೆ ಹೇಳುತ್ತೇನೆ. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮ್ ಮೊದಲು ಸಾಫ್ಟ್‌ವೇರ್‌ಗೆ ಹೋಗುತ್ತದೆ. ಎಟಿಎಸ್ ಅನ್ನುತ್ತಾರೆ. ಅದು ಹೆಸರು, ಡಿಗ್ರಿ, ಸ್ಕಿಲ್ ಎಲ್ಲ ಬೇರೆ ಬೇರೆ ಮಾಡಿ ಇಟ್ಟುಕೊಳ್ಳುತ್ತದೆ. ಕ್ಯಾನ್ವಾದಲ್ಲಿ ಎರಡು ಕಾಲಮ್ ಹಾಕಿ, ಸ್ಕಿಲ್‌ಗೆ ಐದು ಸ್ಟಾರ್‌ನಲ್ಲಿ ನಾಲ್ಕು ಸ್ಟಾರ್ ಬಣ್ಣ ತುಂಬಿ ಕಳಿಸುತ್ತಾರಲ್ಲ, ಅಂಥದ್ದನ್ನು ಓದುವಾಗ ಅದು ಎಡವುವುದುಂಟು. ಎಡಗಡೆಯ ಫೋನ್ ನಂಬರ್ ಹೋಗಿ ಬಲಗಡೆಯ ಕಾಲೇಜಿನ ಹೆಸರಿಗೆ ಅಂಟಿಕೊಳ್ಳುತ್ತದೆ.

ಪರೀಕ್ಷೆ ಮಾಡುವುದು ಸುಲಭ. ಪಿಡಿಎಫ್ ತೆರೆದು ಎಲ್ಲ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಅಲ್ಲಿ ಸಾಲುಗಳು ಕ್ರಮವಾಗಿ ಬಂದರೆ ಸಾಫ್ಟ್‌ವೇರ್‌ಗೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಏನೂ ಸೆಲೆಕ್ಟೇ ಆಗದಿದ್ದರೆ ನಿಮ್ಮ ರೆಸ್ಯೂಮ್ ಬರೀ ಚಿತ್ರ ಅಂತ ಅರ್ಥ. ಪ್ರಿಂಟ್ ತೆಗೆದು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಕಳಿಸುವವರದ್ದು ಹೀಗೇ ಆಗುತ್ತದೆ.

ಒಂದು ಕಾಲಮ್, ಒಂದೇ ಪುಟ, ಮಾಮೂಲಿ ಫಾಂಟ್. ಫ್ರೆಷರ್‌ಗೆ ಅಷ್ಟು ಸಾಕು. ಫೈಲ್‌ಗೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಇಡಿ. ‘ನ್ಯೂ ರೆಸ್ಯೂಮ್ ಫೈನಲ್ 3’ ಅಂತ ಬರುವ ಫೈಲ್‌ಗಳು ನನ್ನ ಡೌನ್‌ಲೋಡ್ಸ್‌ನಲ್ಲಿ ರಾಶಿ ಬಿದ್ದಿವೆ.

ಗಾಂಧಿಬಜಾರ್_ಮಂಜ

ಫೋಟೋ ಬೇಡ ಅಂತೀರಾ? ನಮ್ಮ ಆಡಿಟರ್ ಆಫೀಸಿನಲ್ಲಿ ಫೋಟೋ ಇಲ್ಲದಿದ್ದರೆ ‘ಅಂಟಿಸಿ ಕೊಡಿ’ ಅಂತಾರೆ.

ಜಯನಗರ_ಎಚ್ಆರ್

ಕೇಳಿದವರಿಗೆ ಕೊಡಿ. ಕೇಳದಿದ್ದರೆ ಬೇಡ. ಆ ಘೋಷಣೆ ವಿಚಾರವೂ ಅಷ್ಟೇ.

ಗಾಂಧಿಬಜಾರ್_ಮಂಜ

ಘೋಷಣೆ ಇರಲಿ ಬಿಡಿ ಮೇಡಂ. ನಮ್ಮ ಯಜಮಾನರು ಸಹಿ ಇಲ್ಲದ ಕಾಗದ ಮುಟ್ಟುವುದೇ ಇಲ್ಲ.

ಜಯನಗರ_ಎಚ್ಆರ್

ನಿಮ್ಮ ಯಜಮಾನರಿಗೆ ಪ್ರಿಂಟ್ ಕೊಡುವಾಗ ಹಾಕಿ ಸ್ವಾಮಿ. ನನಗೆ ಮೇಲ್ ಮಾಡುವಾಗ ಆ ಮೂರು ಸಾಲಿನ ಜಾಗದಲ್ಲಿ ಇನ್ನೊಂದು ಕೆಲಸದ ವಿಷಯ ಬರಲಿ. ನಮ್ಮಿಬ್ಬರ ಜಗಳ ಇವತ್ತಿಗೆ ಮುಗಿಯುವುದಲ್ಲ.

ದುಬೈ_ದಾವಣಗೆರೆ

ಮಧ್ಯೆ ಒಂದು ಮಾತು. ಗಲ್ಫ್ ಕಡೆ ಹಾಕುವವರು ಈ ಚರ್ಚೆ ನೋಡಿ ಫೋಟೋ ತೆಗೆದುಬಿಡಬೇಡಿ. ಇಲ್ಲಿ ಫೋಟೋ, ರಾಷ್ಟ್ರೀಯತೆ, ವೀಸಾ ಯಾವುದು ಅನ್ನುವುದು ಸಿವಿಯಲ್ಲಿ ಮಾಮೂಲಿ.

ಗುರು_ಬಿಟಿಎಂ

ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಳ್ಳುತ್ತೀರಾ? ಎರಡು ವರ್ಷ ಅನುಭವ ಹಾಕಿಸಿಕೊಡುವ ಕನ್ಸಲ್ಟೆನ್ಸಿಗಳು ಬೇಕಾದಷ್ಟಿವೆ. ಪೇಸ್ಲಿಪ್, ರಿಲೀವಿಂಗ್ ಲೆಟರ್ ಎಲ್ಲ ರೆಡಿ ಮಾಡಿ ಕೊಡುತ್ತಾರೆ. ನನ್ನ ಫ್ರೆಂಡ್ಸ್ ಹಾಗೇ ಸೇರಿದ್ದು. ಫ್ರೆಷರ್ ಅಂದರೆ ಕಾಲ್ ಕೂಡ ಬರಲ್ಲ, ಇದು ವಾಸ್ತವ.

ಜಯನಗರ_ಎಚ್ಆರ್

ಗುರು, ಸೇರಿದವರ ಕಥೆ ಮಾತ್ರ ಹೇಳುತ್ತಿದ್ದೀರಿ. ಸೇರಿ ಮೂರು ತಿಂಗಳಿಗೆ ಹೊರಗೆ ಹೋದವರ ಕಡತ ನನ್ನ ಹತ್ತಿರ ಇದೆ.

ವೆರಿಫಿಕೇಷನ್ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ ಕೇಳಿ. 20 ಜನ ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಂಪನಿಗಳಿಗೆ ಪಿಎಫ್ ಬರುತ್ತದೆ. ಪಿಎಫ್ ಇದ್ದವರಿಗೆ ಯುಎಎನ್ ನಂಬರ್ ಇರುತ್ತದೆ. ಯಾವ ಕಂಪನಿ, ಯಾವಾಗ ಸೇರಿದ್ದು, ಯಾವಾಗ ಬಿಟ್ಟಿದ್ದು ಎಲ್ಲ ಸರ್ವಿಸ್ ಹಿಸ್ಟರಿಯಲ್ಲಿ ಕಾಣುತ್ತದೆ. ಎರಡು ವರ್ಷ ದುಡಿದೆ ಅನ್ನುವವರಿಗೆ ಯುಎಎನ್ ಇಲ್ಲ ಅಂದರೆ ಮೊದಲ ಪ್ರಶ್ನೆ ಅಲ್ಲೇ. ಅದರ ಮೇಲೆ ಈ ಹುಡುಗಿಯದ್ದು 2025ರ ಡಿಗ್ರಿ. ರೆಗ್ಯುಲರ್ ಕಾಲೇಜಿಗೆ ಹೋಗುತ್ತಾ ಬೆಂಗಳೂರಿನಲ್ಲಿ ಎರಡು ವರ್ಷ ಹೇಗೆ ದುಡಿದಳು? ಮಾರ್ಕ್ಸ್ ಕಾರ್ಡ್ ತಾರೀಕೇ ಸುಳ್ಳು ಹಿಡಿದುಕೊಡುತ್ತದೆ. ಆ ಕನ್ಸಲ್ಟೆನ್ಸಿಗಳು ತೆಗೆದುಕೊಂಡ ದುಡ್ಡು ವಾಪಸ್ ಕೊಡಲ್ಲ. ಕೆಲವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಆಟ ಆಡಿಸುತ್ತಾರೆ. ಒರಿಜಿನಲ್ ಯಾರ ಕೈಗೂ ಬಿಟ್ಟು ಬರಬೇಡಿ.

ಗುರು_ಬಿಟಿಎಂ

ಸರಿ ಮೇಡಂ. ಆದರೆ ಫ್ರೆಷರ್‌ಗೆ ಕಾಲ್ ಬರಲ್ಲ ಅನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇಲ್ಲ ಅಲ್ವಾ?

ಪೀಣ್ಯ_ಸೆಕೆಂಡ್_ಸ್ಟೇಜ್

ಇದೆ, ನಾನು ಹೇಳುತ್ತೇನೆ. ಪೋರ್ಟಲ್‌ನಲ್ಲಿ ಹಾಕಿ ಫೋನ್ ನೋಡುತ್ತಾ ಕೂತರೆ ಬರಲ್ಲ. ನಮ್ಮಂಥ ಸಣ್ಣ ಫ್ಯಾಕ್ಟರಿಗಳು ನೌಕ್ರಿಗೆ ದುಡ್ಡು ಕಟ್ಟುವುದೇ ಇಲ್ಲ. ನಮಗೆ ಜನ ಬೇಕಾದರೆ ಮೊದಲು ನಮ್ಮ ಆಡಿಟರ್‌ಗೆ ಫೋನ್ ಮಾಡುತ್ತೇವೆ. ‘ಸಾರ್, ಟ್ಯಾಲಿ ಬರುವ ಹುಡುಗ, ಹುಡುಗಿ ಯಾರಾದರೂ ಇದ್ದರೆ ಕಳಿಸಿ’ ಅಂತ. ಅಕೌಂಟ್ಸ್ ಕೆಲಸ ಜಾಸ್ತಿ ಹೀಗೇ ಬಾಯಿಂದ ಬಾಯಿಗೆ ಹೋಗುತ್ತದೆ. ಹಾಗಾಗಿ ರೆಸ್ಯೂಮ್ ಹಿಡಿದುಕೊಂಡು ಆಡಿಟರ್ ಆಫೀಸುಗಳಿಗೆ ಹೋಗಬೇಕು. ತಿಂಗಳ 11 ಮತ್ತು 20ರ ಹತ್ತಿರ ಮಾತ್ರ ಹೋಗಬೇಡಿ. ಜಿಎಸ್‌ಟಿಆರ್-1, 3ಬಿ ರಿಟರ್ನ್‌ಗಳ ಕೊನೇ ದಿನ ಅಂತ ಅವರು ತಲೆ ಎತ್ತುವುದಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಟ್ಯಾಕ್ಸ್ ಆಡಿಟ್ ಗಲಾಟೆ.

ಇನ್ನೊಂದು ದಾರಿ ಇದೆ. ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಬಿ.ಕಾಂ, ಬಿ.ಎ ಆದವರಿಗೂ ಅಪ್ರೆಂಟಿಸ್‌ಶಿಪ್ ಇದೆ. ತಿಂಗಳ ಸ್ಟೈಪೆಂಡ್ ಕೊಡುತ್ತಾರೆ, ಮುಗಿದಮೇಲೆ ಸರ್ಟಿಫಿಕೇಟ್ ಬರುತ್ತದೆ. ಅನುಭವ ಬೇಕು ಅನ್ನುವವರು ಸುಳ್ಳು ಪೇಸ್ಲಿಪ್‌ಗೆ ದುಡ್ಡು ಕೊಡುವ ಬದಲು ಇದನ್ನು ನೋಡಲಿ.

ಮಲೆನಾಡ_ಸೌಹಾರ್ದ

ಶರಾವತಿ ಅವರೇ, ಬೆಂಗಳೂರು ಅಂತಲೇ ಯಾಕೆ? ನಿಮ್ಮ ಕಡೆ ಪತ್ತಿನ ಸಹಕಾರ ಸಂಘ, ಸೌಹಾರ್ದ, ಅಡಿಕೆ ಮಾರಾಟದ ಸಂಘಗಳು ಬೇಕಾದಷ್ಟಿವೆ. ಅಲ್ಲೆಲ್ಲ ಕನ್ನಡದಲ್ಲೇ ಅರ್ಜಿ. ಇಂಗ್ಲಿಷ್ ರೆಸ್ಯೂಮ್ ಒಂದನ್ನೇ ಕೊಟ್ಟರೆ ಆಡಳಿತ ಮಂಡಳಿಯ ಹಿರಿಯರು ಪಕ್ಕಕ್ಕಿಡುತ್ತಾರೆ. ಒಂದು ಪುಟದ ಅರ್ಜಿ ಬರೆಯಿರಿ. ‘ಇವರಿಗೆ, ಅಧ್ಯಕ್ಷರು’ ಅಂತ ಶುರುಮಾಡಿ, ಓದು, ಗೊತ್ತಿರುವ ಲೆಕ್ಕದ ಕೆಲಸ, ಕನ್ನಡ ಟೈಪಿಂಗ್ ಬರುತ್ತದೆಯೋ ಇಲ್ಲವೋ, ಇಷ್ಟು. ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆ ಪಾಸಾಗಿದ್ದರೆ ಅದು ಮೇಲೆ ಬರಲಿ. ಇಲ್ಲಿ ಸಿಜಿಪಿಎಗಿಂತ ಅದಕ್ಕೆ ಬೆಲೆ ಜಾಸ್ತಿ.

ಟೈಪ್ ಮಾಡುವಾಗ ಯೂನಿಕೋಡ್ ಬಳಸಿ. ನುಡಿಯ ಹಳೇ ಫಾಂಟ್‌ನಲ್ಲಿ ಮಾಡಿದ ವರ್ಡ್ ಫೈಲ್ ಕಳಿಸಿದರೆ, ಆ ಕಡೆಯವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದಾಗ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಪಿಡಿಎಫ್ ಮಾಡಿ ಕಳಿಸುವುದೇ ವಾಸಿ.

ಧಾರವಾಡ_ಲೈಬ್ರರಿ

ನಂದೂ ಒಂದು ಪ್ರಶ್ನೆ ಇದೆ ಸರ್. ನಾನು 2023ರಲ್ಲಿ ಬಿ.ಕಾಂ ಮುಗಿಸಿದೆ. ಆಮೇಲೆ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಪಿಡಿಒ, ವಿಎಒ ಪರೀಕ್ಷೆಗೆ ಓದಿದೆ. ಆಗಲಿಲ್ಲ. ಈಗ ಆ ಎರಡು ವರ್ಷಕ್ಕೆ ರೆಸ್ಯೂಮ್‌ನಲ್ಲಿ ಏನು ಬರೆಯುವುದು? ಒಬ್ಬರು ‘ಬಿಟ್ಟುಬಿಡು, ಅವರಾಗಿ ಕೇಳಿದರೆ ನೋಡೋಣ’ ಅಂದರು.

ಖಾತೆ_ಕಿರ್ದಿ

ಬಿಡಬೇಡಪ್ಪ. ಖಾಲಿ ಬಿಟ್ಟರೆ ನಾವು ಏನೇನೋ ಊಹೆ ಮಾಡಿಕೊಳ್ಳುತ್ತೇವೆ. ‘2023ರಿಂದ 2025, ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿ’ ಅಂತ ಒಂದೇ ಸಾಲು ಸಾಕು. ಅರ್ಧ ಕರ್ನಾಟಕದ ಹುಡುಗರು ಅದನ್ನೇ ಮಾಡುತ್ತಿದ್ದಾರೆ, ಅದರಲ್ಲಿ ನಾಚಿಕೆಯೇನೂ ಇಲ್ಲ.

ನಮ್ಮ ಭಯ ಬೇರೆ. ಸೇರಿಸಿಕೊಂಡು ಕೆಲಸ ಕಲಿಸಿದ ಮೇಲೆ ಮುಂದಿನ ನೋಟಿಫಿಕೇಷನ್ ಬಂದಾಗ ಬಿಟ್ಟು ಓಡಿಹೋಗುತ್ತೀರಾ ಅನ್ನುವುದು. ಇಂಟರ್‌ವ್ಯೂನಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. ಇನ್ನೂ ಬರೆಯುತ್ತೀಯ ಅಂದರೆ ಬರೆಯುತ್ತೇನೆ ಅನ್ನು, ನಿಲ್ಲಿಸಿದ್ದೀಯ ಅಂದರೆ ನಿಲ್ಲಿಸಿದ್ದೇನೆ ಅನ್ನು. ಮತ್ತೆ, ಡಿಗ್ರಿ ಮುಗಿದು ಎರಡು ವರ್ಷ ಆಯಿತಲ್ಲ, ಲೆಕ್ಕ ಮರೆತಿಲ್ಲ ಅಂತ ತೋರಿಸಲು ಈಚೆಗೆ ಏನಾದರೂ ಮಾಡಿರಬೇಕು. ಟ್ಯಾಲಿಪ್ರೈಮ್ ಕಲಿ. ನೀನು ಕಾಲೇಜಿನಲ್ಲಿ ಕಲಿತದ್ದು ಟ್ಯಾಲಿಯ ಹಳೇ ಇಆರ್‌ಪಿ 9 ಆಗಿದ್ದರೆ ಈಗ ಸ್ಕ್ರೀನೇ ಬೇರೆ ಥರ ಇದೆ.

ಶರಾವತಿ_ಹಿನ್ನೀರು

ಎಲ್ಲರಿಗೂ ಥ್ಯಾಂಕ್ಸ್. ಕೂತು ಹೊಸದಾಗಿ ಬರೆದೆ. ರೆಸ್ಯೂಮ್ ಇಂಗ್ಲಿಷ್‌ನಲ್ಲೇ ಇದೆ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

ಮೇಲೆ ಹೆಸರು, ಫೋನ್, ಮೇಲ್, ಊರು. ಗುರಿಯ ಜಾಗದಲ್ಲಿ ಎರಡೇ ಸಾಲು: ‘2025ರ ಬಿ.ಕಾಂ ಪದವೀಧರೆ. ಟ್ಯಾಲಿಪ್ರೈಮ್‌ನಲ್ಲಿ ಪರ್ಚೇಸ್ ಎಂಟ್ರಿ, ಜಿಎಸ್‌ಟಿಆರ್-2ಬಿ ತಾಳೆ ನೋಡಿದ ಅಭ್ಯಾಸ ಇದೆ. ಜೂನಿಯರ್ ಅಕೌಂಟೆಂಟ್ ಕೆಲಸ ಹುಡುಕುತ್ತಿದ್ದೇನೆ.’

ಆಮೇಲೆ ಇಂಟರ್ನ್‌ಶಿಪ್ ಅಂತ ಟ್ಯಾಕ್ಸ್ ಆಫೀಸ್. ಅದರ ಕೆಳಗೆ: ‘ಹಾರ್ಡ್‌ವೇರ್, ಔಷಧಿ, ಅಡಿಕೆ ವ್ಯಾಪಾರದ 12 ಅಂಗಡಿಗಳ ಖರೀದಿ ಬಿಲ್‌ಗಳನ್ನು ಟ್ಯಾಲಿಗೆ ಹಾಕಿದೆ, ತಿಂಗಳಿಗೆ ಸುಮಾರು 400. ಎಕ್ಸೆಲ್‌ನಲ್ಲಿ ವಿಲುಕ್‌ಅಪ್ ಸೂತ್ರ ಬಳಸಿ ಪ್ರತಿ ತಿಂಗಳು 2ಬಿ ಜೊತೆ ಹೋಲಿಸಿ, ಸಿಗದ ಬಿಲ್‌ಗಳ ಪಟ್ಟಿ ಮಾಡಿ, ವ್ಯಾಪಾರಿಗಳಿಗೆ ಫೋನ್ ಮಾಡಿ ಸರಿಪಡಿಸಿದೆ. 3ಬಿ ಫೈಲಿಂಗ್‌ಗೆ ಡೇಟಾ ಸಿದ್ಧಮಾಡಿದೆ.’

ಆಮೇಲೆ ಓದು, ಸಾಫ್ಟ್‌ವೇರ್, ಭಾಷೆಗಳು. ಒಂದೇ ಪುಟಕ್ಕೆ ನಿಂತಿತು. ಎರಡು ಸಂಶಯ ಉಳಿದಿದೆ. ಆರನೇ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ, ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ರಿಸಲ್ಟ್ ಮಾತ್ರ ಕಾಣುತ್ತಿದೆ. ಹೇಗೆ ಬರೆಯಲಿ? ಮತ್ತೆ, ಡಿಜಿಟಲ್ ಫ್ಲೂಯೆನ್ಸಿ ಅಂತ ಒಂದು ಪೇಪರ್ ಇತ್ತು, ಅದನ್ನು ಸರ್ಟಿಫಿಕೇಟ್ ಅಂತ ಹಾಕಬಹುದಾ?

ಜಯನಗರ_ಎಚ್ಆರ್

ನೋಡಿ, ಈಗ ಓದಿದರೆ ಒಬ್ಬಳು ಮನುಷ್ಯಳು ಕಾಣುತ್ತಾಳೆ!

ರಿಸಲ್ಟ್ ಬಂದಿದೆ ಅಂದಮೇಲೆ ಪಾಸ್ ಆದ ವರ್ಷ, ಸಿಜಿಪಿಎ ಧೈರ್ಯವಾಗಿ ಹಾಕಿ. ಕಾರ್ಡ್ ತೋರಿಸಿ ಅಂದಾಗ ರಿಸಲ್ಟ್ ಪ್ರಿಂಟ್ ತೋರಿಸಿ, ಕಾಲೇಜಿನಿಂದ ಒಂದು ಪತ್ರ ತೆಗೆದುಕೊಂಡಿರಿ. ಡಿಜಿಲಾಕರ್ ಕೂಡ ಆಗಾಗ ನೋಡುತ್ತಿರಿ. ಸಿಜಿಪಿಎಯನ್ನು ಪರ್ಸೆಂಟೇಜ್ ಮಾಡಿ ಬರೆಯುವುದಾದರೆ ನಿಮ್ಮ ವಿಶ್ವವಿದ್ಯಾಲಯ ಕೊಟ್ಟ ಲೆಕ್ಕದಲ್ಲೇ ಮಾಡಿ. ಇಂಟರ್‌ನೆಟ್‌ನಲ್ಲಿ ಸಿಕ್ಕ ಇನ್ನೊಂದು ವಿಶ್ವವಿದ್ಯಾಲಯದ ಸೂತ್ರ ಹಾಕಿ, ಆಮೇಲೆ ದಾಖಲೆ ತಾಳೆ ಆಗದೆ ಒದ್ದಾಡುವವರನ್ನು ನೋಡಿದ್ದೇನೆ.

ಡಿಜಿಟಲ್ ಫ್ಲೂಯೆನ್ಸಿ ಬೇಡ. ನಿಮ್ಮ ಬ್ಯಾಚ್‌ನ ಎಲ್ಲರೂ ಓದಿರುತ್ತಾರೆ.

ಖಾತೆ_ಕಿರ್ದಿ

ಚೆನ್ನಾಗಿದೆ ತಂಗಿ. ಈಗ ಬರೆದ ಪ್ರತಿ ಸಾಲಿಗೂ ಪ್ರಶ್ನೆ ಬರುತ್ತದೆ, ತಯಾರಾಗಿರು. ನಾನಾಗಿದ್ದರೆ ಹೀಗೆ ಕೇಳುತ್ತೇನೆ. 2ಬಿ ಯಾವ ತಾರೀಕಿಗೆ ಬರುತ್ತದೆ? 14ಕ್ಕೆ ಅಂತ ನೀನು ಯೋಚನೆ ಮಾಡದೆ ಹೇಳಬೇಕು. ಬಿಲ್ ನಂಬರ್‌ನಲ್ಲಿ ಒಂದು ಅಡ್ಡಗೆರೆ ಜಾಸ್ತಿ ಇದ್ದು ವಿಲುಕ್‌ಅಪ್ ಸಿಗಲಿಲ್ಲ, ಏನು ಮಾಡಿದೆ? ಅಡಿಕೆಗೆ ಜಿಎಸ್‌ಟಿ ಎಷ್ಟು? ಸಾಗರದವಳು ಶೇ. 5 ಅನ್ನದೆ ತಡವರಿಸಿದರೆ ನಾನು ನಗುತ್ತೇನೆ. 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಸರಕು ಕಳಿಸುವಾಗ ಏನು ಬೇಕು? ಇ-ವೇ ಬಿಲ್ ನೀನೇ ಮಾಡದಿದ್ದರೂ ನೋಡಿರುತ್ತೀಯಲ್ಲ.

ಆ 400 ಅನ್ನುವ ಸಂಖ್ಯೆ ನಿಜ ತಾನೇ? ಲೆಕ್ಕ ಹಾಕಿಯೇ ಬರೆದದ್ದಾ?

ಶರಾವತಿ_ಹಿನ್ನೀರು

ನಿಜ ಸರ್. ಟ್ಯಾಲಿಯಲ್ಲಿ ವೋಚರ್ ಎಷ್ಟಾಗಿತ್ತು ಅಂತ ಆಫೀಸಿನಲ್ಲಿ ಕೇಳಿಕೊಂಡು ಬರೆದೆ. ಅಡ್ಡಗೆರೆ ಸಮಸ್ಯೆ ದಿನಾ ಇತ್ತು! ಎರಡು ಕಡೆಯೂ ಗೆರೆ, ಚುಕ್ಕಿ ತೆಗೆದು ಬೇರೆ ಕಾಲಮ್ ಮಾಡಿಕೊಳ್ಳುತ್ತಿದ್ದೆ. ಅದಕ್ಕೂ ಸಿಗದಿದ್ದರೆ ಜಿಎಸ್‌ಟಿ ನಂಬರ್ ಮತ್ತು ಮೊತ್ತ ಸೇರಿಸಿ ಹುಡುಕುವುದು.

ಟ್ಯಾಕ್ಸ್ ಆಫೀಸಿನ ಸರ್‌ಗೆ ಫೋನ್ ಮಾಡಿ ಇಂಟರ್ನ್‌ಶಿಪ್ ಪತ್ರ ಕೇಳಿದೆ. ಕೊಡುತ್ತೇನೆ, ಏನು ಬರೆಯಬೇಕು ನೀನೇ ಹೇಳು ಅಂದರು.

ಖಾತೆ_ಕಿರ್ದಿ

ಈ ಅಡ್ಡಗೆರೆ ಕಥೆಯನ್ನು ಇಂಟರ್‌ವ್ಯೂನಲ್ಲಿ ಹೀಗೇ ಹೇಳು, ಪಾಲಿಶ್ ಮಾಡಬೇಡ.

ಪತ್ರ ಅವರ ಲೆಟರ್‌ಹೆಡ್‌ನಲ್ಲೇ ಇರಲಿ. ನಿನ್ನ ಹೆಸರು ಮಾರ್ಕ್ಸ್ ಕಾರ್ಡ್‌ನಲ್ಲಿ ಇರುವ ಹಾಗೆ, ಇನಿಷಿಯಲ್ ಸಮೇತ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ರೆಸ್ಯೂಮ್‌ನಲ್ಲಿ ಬರೆದಷ್ಟೇ. ಏನು ಕೆಲಸ ಅಂತ ಎರಡು ಸಾಲು. ತಾರೀಕು, ಸಹಿ, ಸೀಲ್, ಅವರ ಫೋನ್ ನಂಬರ್. ಸಂಬಳ ಇರಲಿಲ್ಲ ಅಂದಮೇಲೆ ‘ಕೆಲಸ ಮಾಡಿದ್ದಾಳೆ’ ಅನ್ನುವುದಕ್ಕಿಂತ ‘ಇಂಟರ್ನ್ ಆಗಿದ್ದಳು’ ಅಂತಲೇ ಬರೆಸು. ಆಗ ಪಿಎಫ್, ಪೇಸ್ಲಿಪ್ ಅಂತ ಯಾರೂ ಕೇಳುವುದಿಲ್ಲ. ಅವರು ಟ್ಯಾಕ್ಸ್ ಪ್ರಾಕ್ಟೀಷನರ್ ಅಂದೆಯಲ್ಲ, ಈ ತಿಂಗಳ 20 ಕಳೆದಮೇಲೆ ಹೋಗಿ ಎದುರು ಕೂತು ಬರೆಸಿಕೊಂಡು ಬಾ. ಹಾಗೇ ಶಿವಮೊಗ್ಗದಲ್ಲಿ ಅವರಿಗೆ ಗೊತ್ತಿರುವ ಆಡಿಟರ್ ಯಾರಾದರೂ ಇದ್ದಾರಾ ಅಂತ ಕೇಳು.